ಎರಡು ಬೆರಳು ಅಂಚು

“ರಟ್ಟು ಸಡ್ಲ ಆಗೇತಿ, ಹೊಲದು ಗಟ್ಟಿ ಮಾಡು. ಹಂಗ ಬಲಗಡೆ ಅಂಚು ಎರಡು ಬೆರಳು ಕತ್ತರಿಸು,” ಎನ್ನುತ್ತ ಗುರುಸಿದ್ದಯ್ಯ ಸಾವಕಾರರು ರೇಷ್ಮೆ ವಸ್ತ್ರ ಬಿಚ್ಚಿ ಮನೆತನದ ಪುರಾಣವನ್ನು ಲಾಲಸಾಬನ ಮುಂದಿಟ್ಟರು. ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಅವರ ಭಕ್ತಿಗಿದ್ದ ಹೆಸರು ಅವರ ತಕ್ಕಡಿಗಿರಲಿಲ್ಲ. ಪುಸ್ತಕ ಮುಟ್ಟುವ ಮೊದಲು ಲಾಲಸಾಬ ಕೈ ತೊಳೆಯಬೇಕು, ರಟ್ಟಿಗೆ ಚರ್ಮ ಹಚ್ಚಕೂಡದು, ಬಟ್ಟೆಯೇ ಆಗಬೇಕು, ಅಂಟನ್ನು ಹೊಸ ಗಡಿಗೆಯಲ್ಲೇ ಕುದಿಸಬೇಕು. ದೇವರಿಗಾಗಿ ಒಬ್ಬ ಮನುಷ್ಯ ಇದಕ್ಕಿಂತ ಹೆಚ್ಚು ಏನು ತಾನೆ ಮಾಡಬಲ್ಲ?

ಲಾಲಸಾಬ ಪುಸ್ತಕವನ್ನು ತಿರುವಿ ತಿರುವಿ ನೋಡಿದ. ಮೂವತ್ತು ವರ್ಷಗಳಿಂದ ಮನೆಯ ಪಡಸಾಲೆಯಲ್ಲೇ ಕೂತು ಹರಿದ ಪುಸ್ತಕ ಕಟ್ಟಿಕೊಡುತ್ತಿದ್ದವನು. ಅಂಚು ಸವರುವುದೆಂದರೆ ದಾರದೆಳೆಯಷ್ಟು. ಎರಡು ಬೆರಳು ಕೇಳಿದವರು ಇವರೇ ಮೊದಲು. ಕೊನೆಯ ಹಾಳೆಗೆ ಬಂದಾಗ ಕಾರಣ ಕಾಣಿಸಿತು. ಬಲ ಅಂಚಿನಲ್ಲಿ, ಸರಿಯಾಗಿ ಎರಡು ಬೆರಳಿನಗಲಕ್ಕೆ, ಯಾರೋ ಕಪ್ಪು ಮಸಿಯಲ್ಲಿ ಮೇಲಿಂದ ಕೆಳಗೆ ಬರೆದಿದ್ದರು.

“ಇಲ್ಲೆ ಏನೋ ಬರದೈತಲ್ರಿ ಸಾವಕಾರ್ರ. ಶ್ರೀ ಗುರು ಬಸವಲಿಂಗಾಯ ನಮಃ. ರೌದ್ರಿ ಸಂವತ್ಸರದ ಕಾರ್ತಿಕದಾಗ ಮೊಮ್ಮಗಳು ಶರಣವ್ವ ಹುಟ್ಟಿದ್ದು ಅಂತೈತಿ. ಅಂದರ ನಿಮ್ಮ ಮಗಳಿಗೆ ಈಗ ಹನ್ನೊಂದು ಆತು.”

“ನಮ್ಮಪ್ಪ ಬರದಿದ್ದು ಅದು. ನಿನಗ ಓದು ಅಂತ ಯಾರಂದ್ರು? ಕತ್ತರಿಸು ಅಂದೇನಿ, ಕತ್ತರಿಸು.”

ಅದು ಪೇಟೆಗೆಲ್ಲ ಗೊತ್ತಿದ್ದ ಗುಟ್ಟು. ಅಮ್ಮಿನಬಾವಿಯ ದ್ಯಾಮಣ್ಣ, ಹೆಂಡತಿ ಸತ್ತ ನಲವತ್ತು ದಾಟಿದ ಗೃಹಸ್ಥ, ನೂರು ಎಕರೆ ಎರೆಹೊಲದ ಒಡೆಯ, ಶರಣವ್ವನನ್ನು ಕೇಳಿದ್ದ. ಹೊಲ ನೆನೆದರೆ ಸಾವಕಾರರಿಗೆ ಅಳಿಯ ಎಳೆಯನಾಗಿಯೇ ಕಾಣುತ್ತಿದ್ದ. ಅಡ್ಡ ಬಂದದ್ದು ಸರಕಾರ. ಹದಿನಾಲ್ಕು ತುಂಬದ ಹುಡುಗಿಯನ್ನು ಕಟ್ಟಿಕೊಂಡವನಿಗೆ ಜೈಲು ಎಂದು ಮೂವತ್ತನೇ ಇಸವಿಯಲ್ಲಿ ಕಾಯದೆ ಬಂದು ಎರಡು ವರ್ಷವಾಗಿತ್ತು. ಹುಟ್ಟಿದ ದಿನ ಬರೆದ ಕಾಗದ ಇರುವ ತನಕ ತಾಳಿ ಕಟ್ಟುವುದಿಲ್ಲವೆಂದು ದ್ಯಾಮಣ್ಣ ಹಟ ಹಿಡಿದಿದ್ದ. ಅವನಿಗೆ ಹುಡುಗಿಯ ವಯಸ್ಸಿನ ಚಿಂತೆ ಇರಲಿಲ್ಲ, ಜೈಲಿನ ರೊಟ್ಟಿಯ ಚಿಂತೆ ಇತ್ತು.

“ಇಷ್ಟಕ್ಕ ನೀವ ಆ ಹಾಳಿ ಹರದು ಒಗೀಬಹುದಿತ್ತಲ್ರಿ?” ಎಂದ ಲಾಲಸಾಬ.

ಸಾವಕಾರರು ಎರಡೂ ಗಲ್ಲ ಬಡಿದುಕೊಂಡರು. “ಶಿವ ಶಿವ! ಪುರಾಣದ ಹಾಳಿ ನಾ ಹರೀಲೇನು? ಮನೆತನಕ್ಕ ಪಾಪ ಸುತ್ತಕೋತೈತಿ. ನಿಂದರ ಉದ್ಯೋಗನ ಅದು, ನಿನಗ ಹತ್ತಂಗಿಲ್ಲ.” ಹತ್ತಿ ಅಂಡಿಗೆಯನ್ನು ಹಮಾಲನ ಬೆನ್ನಿಗೆ ಏರಿಸಿದಷ್ಟೇ ಸಲೀಸಾಗಿ ಪಾಪವನ್ನು ಅವನಿಗೆ ಏರಿಸಿ ಅವರು ಮನೆಗೆ ಹೋಗಿ ಉಂಡು ಮಲಗಿದರು.

ಒಳಗೆ ಒಲೆಯ ಮುಂದೆ ಅಂಟು ತಿರುವುತ್ತಿದ್ದ ಲಾಲಸಾಬನ ಹೆಂಡತಿ ಇಮಾಮಬಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತನ್ನ ಮದುವೆಯ ದಿನ, ಇನ್ನೂ ಎಳೆ ಹುಡುಗಿಯಾಗಿ, ನಿದ್ದೆಗಣ್ಣಲ್ಲೇ ಕೂತಿದ್ದವಳು ಅವಳೂ.

“ಕತ್ತರಿಸ್ತೀರೇನು?”

“ಗಿರಾಕಿ ಹೇಳ್ಯಾರ. ಕತ್ತರಿಸಬೇಕಲ್ಲ.”

“ಕತ್ತರಿಸ್ರಿ. ಆ ಚೂರು ಏನ್ ಮಾಡ್ತೀರಿ? ಅಲ್ಲಾನ ಹೆಸರು ಬರದ ಕಾಗದ ಆಗಿದ್ದರ ಕಸದಾಗ ಹಾಕ್ತಿದ್ರೇನು?”

ಲಾಲಸಾಬ ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಅಂಟಿಗೆ ಇನ್ನೊಂದು ಚಿಟಿಕೆ ಮೈಲುತುತ್ತ ಹಾಕಲು ಹೇಳಿದ.

ವಾರದ ನಂತರ ಸಾವಕಾರರು ತೆಂಗಿನಕಾಯಿ, ಎಲೆ, ಅಡಿಕೆ ಸಮೇತ ಬಂದರು. ಎರಡೂ ಕೈಯಲ್ಲಿ ಪುರಾಣವನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಕೊನೆಯ ಹಾಳೆ ನೋಡಿದರು. ಅಂಚು ನುಣ್ಣಗೆ, ಬರಹದ ಸುಳಿವಿಲ್ಲ. ಹಿಗ್ಗಿನಿಂದ ಮೊದಲ ರಟ್ಟು ತೆರೆದರು. ರಟ್ಟಿನ ಒಳಮೈಯಲ್ಲಿ, ನಟ್ಟನಡುವೆ, ಆ ಎರಡು ಬೆರಳಿನ ಚೂರು ಅಂಟಿ ಕೂತಿತ್ತು. ಸುತ್ತಲೂ ಕೆಂಪು ಬಟ್ಟೆಯ ಕಟ್ಟು ಬೇರೆ.

“ಏನೋ ಇದು!”

“ಕತ್ತರಿಸು ಅಂದ್ರಿ, ಕತ್ತರಿಸೇನ್ರಿ. ಶ್ರೀ ಗುರು ಬಸವಲಿಂಗಾಯ ಅಂತ ಬರದ ಕಾಗದ ತಿಪ್ಪಿಗೆ ಒಗದರ ನಿಮ್ಮ ಮನೆತನಕ್ಕ ಪಾಪ ಅಲ್ಲೇನ್ರಿ? ಮೈಲುತುತ್ತದ ಅಂಟು, ಐವತ್ತು ವರ್ಷ ಹುಳಾ ಮುಟ್ಟಂಗಿಲ್ಲ.” ಲಾಲಸಾಬ ತನ್ನ ಚಾಕುವನ್ನು ಅವರ ಕಡೆ ಸರಿಸಿದ. “ಬ್ಯಾಡಾದ್ರ ನೀವ ಕೆರದು ತಗೀರಿ.”

ಸಾವಕಾರರು ಚಾಕು ಹಿಡಿದರು. ತುದಿ ಮೊದಲು ತಗುಲಿದ್ದು ಶ್ರೀಕಾರಕ್ಕೆ. ಚಾಕು ಕೆಳಗಿಟ್ಟರು. ಮಗಳ ಕೊರಳಿಗೆ ಹನ್ನೊಂದರಲ್ಲೇ ತಾಳಿ ಬಿಗಿಸಲು ಇದ್ದ ಧೈರ್ಯ ಎರಡು ಬೆರಳು ಕಾಗದ ಕೆರೆಯಲು ಬರಲಿಲ್ಲ. ಇದನ್ನು ಮನೆಗೊಯ್ದರೆ ರಟ್ಟು ತೆರೆದವರೆಲ್ಲ ಓದುತ್ತಾರೆ.

“ಅಂಟು ಇನ್ನೂ ಹಸಿ ಐತಿ,” ಎಂದರು. “ಒಣಗಲಿ. ಆಮ್ಯಾಲ ಒಯ್ತೇನಿ.” ತೆಂಗಿನಕಾಯಿಯನ್ನು ಮಾತ್ರ ಮರೆಯದೆ ವಾಪಸು ಒಯ್ದರು.

ತಿಂಗಳು ಕಳೆದರೂ ಅಂಟು ಒಣಗಲಿಲ್ಲ. ಪುರಾಣ ಲಾಲಸಾಬನ ಗೋಡೆಯ ಮಾಡದಲ್ಲೇ ಉಳಿಯಿತು. ಅದರತ್ತ ಕಣ್ಣು ಹೋದಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿ. ತನ್ನ ಕೈಗೆಲಸ ಒಂದು ಹುಡುಗಿಯನ್ನು ಉಳಿಸಿತಲ್ಲ ಎಂಬ ಹೆಮ್ಮೆ. ಒಂದು ಸಂಜೆ ಇಮಾಮಬಿ ಗಬ್ಬೂರಿನ ತಂಗಿಯ ಮನೆಯಿಂದ ಬಂದಳು.

“ದ್ಯಾಮಣ್ಣನ ಲಗ್ನ ಆತಂತ್ರಿ.”

ಲಾಲಸಾಬನ ಸೂಜಿ ನಿಂತಿತು. “ಶರಣವ್ವನ ಜೋಡಿ?”

“ಅಲ್ಲ. ಗಬ್ಬೂರದಾಗಿನ ಹುಡುಗಿ. ಕೂಲಿ ಮಾಡೋರ ಪೈಕಿ.”

“ಆಕಿಗೆ ವರ್ಷ ಎಷ್ಟು?”

ಇಮಾಮಬಿ ಬುರ್ಖಾ ಮಡಚಿ ಗೂಟಕ್ಕೆ ಹಾಕಿದಳು.

“ಯಾರಿಗ್ಗೊತ್ತು? ಆ ಮನ್ಯಾಗ ಬರದಿಡಾಕ ಒಂದು ಪುಸ್ತಕನೂ ಇಲ್ಲಂತ.”