ಆರ್ಗಾನ್ ಗೋಡೆ

ಹಳೆಯ ಚಿನ್ನದ ಗಣಿಯೊಳಗಿನ ಸಾಲುಮನೆಗಳಲ್ಲಿ ಬಿಸಿಲು ಬೀಳುತ್ತಿದ್ದುದು ಮೊದಲ ಮನೆಗೆ ಮಾತ್ರ. ಅಲ್ಲಿಂದಾಚೆಗೆ ಗೋಡೆಗಳಲ್ಲಿ ತುಂಬಿದ ಆರ್ಗಾನ್ ಅನಿಲ, ಒಂದು ಪರಮಾಣುವಿನಿಂದ ಪಕ್ಕದ್ದಕ್ಕೆ ದಾಟಿಸುತ್ತ, ಬೆಳಕನ್ನು ಮನೆಯಿಂದ ಮನೆಗೆ ಒಯ್ಯುತ್ತಿತ್ತು. ಅಂದು ಮಗಳ ಮದುವೆಯ ರವಿಕೆ ಹೊಲಿಯುತ್ತಿದ್ದ ಮುನಿಲಕ್ಷ್ಮಿ, ಬೆಳಕು ಸಾಲದೆ, ಪಕ್ಕದ ಮನೆಗೆ ಬೆಳಕು ದಾಟುವ ಗೋಡೆಯ ಸಂದಿಗೆ ತಗಡು ತೂರಿಸಿದಳು. ದಾಟಲಾರದ ಬೆಳಕೆಲ್ಲ ಅವಳ ಕೋಣೆಯಲ್ಲೇ ತುಂಬಿಕೊಂಡಿತು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಸ್ಟೆಲ್ಲಾ ಲಾಟೀನು ಹಿಡಿದು ಬಂದಳು.

"ಅಕ್ಕಾ, ನಮ್ಮನೆಗೆ ಬೆಳಕು ಬರ್ಲಿಲ್ಲ. ನಿಮ್ ಗೋಡೆ ಕೆಟ್ಟೋಗಿರ್ಬೇಕು, ಕತ್ತಲಲ್ಲಿ ಹೆಂಗೆ ಹೊಲೀತೀರೋ ಅಂತ..."

ಅಷ್ಟರಲ್ಲಿ ಝಗಝಗಿಸುವ ಕೋಣೆಯೂ ತಗಡೂ ಅವಳ ಕಣ್ಣಿಗೆ ಬಿದ್ದವು. ಲಾಟೀನನ್ನು ಅಲ್ಲೇ ಇಟ್ಟು, "ಮೊದ್ಲು ರವಿಕೆ ಮುಗಿಸ್ಕೊಳ್ಳಿ" ಎಂದು ಹೊರಟುಹೋದಳು.

ಮುನಿಲಕ್ಷ್ಮಿ ತಗಡು ಕಿತ್ತೆಸೆದಳು. ಲಾಟೀನು ಮರಳಿಸಲು ಸ್ಟೆಲ್ಲಾಳ ಬಾಗಿಲವರೆಗೂ ಹೋದಳು. ತಟ್ಟಲು ಮಾತ್ರ ಕೈ ಮೇಲೇಳಲಿಲ್ಲ.