ಹಸಿ ಮರದ ಪೆನ್ನು

ಅಟ್ಟದಿಂದ ಇಳಿಸಿದ ಈ ಹಾಲೆ ಮರದ ತುಂಡು ಇವತ್ತು ತಟ್ಟಿದರೆ ಟಣ್ ಎನ್ನುತ್ತದೆ, ಅಷ್ಟು ಒಣಗಿದೆ. ಅಪ್ಪ ನನಗೆ ಪೆನ್ನು ಕಡೆದುಕೊಟ್ಟ ಆ ಮಧ್ಯಾಹ್ನ ಇದರ ಮೈಯಿಂದ ಇನ್ನೂ ಹಾಲು ಜಿನುಗುತ್ತಿತ್ತು.

ಲೇತಿನಲ್ಲಿ ಮಂಚದ ಕಾಲು, ಲಟ್ಟಣಿಗೆ ಕಡೆಯುವುದು ಅಪ್ಪನ ಕಸುಬು. ಅವನು ಮೈಸೂರಿನ ಆಸ್ಪತ್ರೆಗೆ ಹೋಗಿ ಆಗಷ್ಟೇ ನರಸೀಪುರಕ್ಕೆ ವಾಪಸು ಬಂದಿದ್ದ. ಈ ಸಲ ಡಾಕ್ಟರು ಮಾತ್ರೆ ಏನೂ ಕೊಟ್ಟಿರಲಿಲ್ಲ. ಕಾಯಿಲೆ ವಾಸಿಯಾಯಿತೆಂದೇ ತಿಳಿದು ನಾನು ಜಗಲಿಯಲ್ಲಿ ಕುಣಿದೆ. ಅಪ್ಪ ಅಂಗಿಯನ್ನೂ ಬದಲಿಸದೆ, ಹಿಂದಿನ ದಿನವಷ್ಟೇ ಕಡಿದು ತಂದಿದ್ದ ಮರದಿಂದ ಒಂದು ಚೂರು ಸೀಳಿ ಲೇತಿಗೆ ಸಿಕ್ಕಿಸಿದ. ನನಗೊಂದು ಪೆನ್ನು ಮಾಡಿಕೊಡುತ್ತೇನೆಂದು ಎಂದೋ ಹೇಳಿದ್ದ.

ಅಜ್ಜಿ ಗದರಿದಳು. "ಅಸಿ ಮರ ಕಣ್ಲಾ. ಈಗ್ಲೇ ಕಡೆದ್ರೆ ಸೀಳೋಯ್ತದೆ. ಮುಂದ್ಲ ಬ್ಯಾಸ್ಗೆ ಗಂಟ ಒಣಗ್ಲಿ."

"ಮರಕ್ಕೇನೋ ಪುರ್ಸೊತ್ತದೆ ಕಣವ್ವ," ಎಂದ ಅಪ್ಪ, ಉಳಿ ಮಸೆಯುತ್ತಾ.

ಅಜ್ಜಿ ಬಣ್ಣದ ಅರಗಿನ ಕಡ್ಡಿ ಹಿಡಿದು ಅವನ ಪಕ್ಕ ಬಂದು ಕೂತಳು. ಮರ ತಿರುಗಿದಾಗ ನನ್ನ ಕೆನ್ನೆಗೆ ತಣ್ಣನೆಯ ಹನಿ ಸಿಡಿಯಿತು. ಒದ್ದೆ ಸಿಪ್ಪೆ ಸುರುಳಿ ಸುರುಳಿಯಾಗಿ ಅಪ್ಪನ ತೊಡೆಯ ಮೇಲೆ ಬಿತ್ತು. ಕೆಮ್ಮು ಬಂದಾಗಲೆಲ್ಲ ಅವನು ಲೇತು ನಿಲ್ಲಿಸುತ್ತಿದ್ದ. ಕೆಂಪು ಅರಗು ಆ ಹಸಿ ಮೈಗೆ ಹಿಡಿಯಲೇ ಇಲ್ಲ. ಆದರೂ ಅಜ್ಜಿ ಉಜ್ಜುತ್ತಲೇ ಇದ್ದಳು.

ರೀಫಿಲ್ಲು ತೂರಿಸಿ ಅಪ್ಪ ಪೆನ್ನನ್ನು ನನ್ನ ಕೈಗಿಟ್ಟ. "ಬರಿ ಮಗಾ, ನೋಡಾನ."

ನಾನು ನನ್ನ ಹೆಸರು ಬರೆದೆ. ಅವನು ತುಂಬಾ ಹೊತ್ತು ನೋಡಿದ. ಉಳಿದ ಮರವನ್ನು ಅಜ್ಜಿ ಒಣಗಲೆಂದು ಅಟ್ಟಕ್ಕೆ ಹಾಕಿದಳು.

ಸಂಕ್ರಾಂತಿಗೆ ಮುಂಚೆಯೇ ಪೆನ್ನು ಉದ್ದಕ್ಕೂ ಸೀಳಿತು. ಬೈಯೋಣವೆಂದರೆ ಅಜ್ಜಿಗೆ ಮಗನೇ ಉಳಿದಿರಲಿಲ್ಲ.