ತಟ್ಟೆ ಸಮೇತ ಹಾಜರಿ

ಹಾಸ್ಟೆಲ್ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿಲ್ಲ, ಹೇಳಬೇಕಿತ್ತು. ಇದು ನಿಜವಾಗಿ ನಡೆದ ಸಂಗತಿ. ನಡೆದ ಊರಿನ ಹೆಸರು ಪೋಜ್ನಾನ್, ಪೋಲೆಂಡಿನಲ್ಲಿದೆ. ಹದಿನೇಳು ವರ್ಷದ ಪೋಜು ಹೊತ್ತುಕೊಂಡು ಮಿಶಿಗನ್ನಿನ ಟ್ರಾಯ್‌ನಿಂದ ಬಂದಿಳಿದ ಎಂಜಿನಿಯರ್ ಕಲ್ಲಿನಾಥರಿಗೆ ಅದನ್ನು ಕೆಳಗಿಡಲು ಇದಕ್ಕಿಂತ ಒಪ್ಪುವ ಊರು ಸಿಗುತ್ತಿರಲಿಲ್ಲ.

"ಹಾಸ್ಟೆಲ್ ಅಂತ ಬೋರ್ಡ್ ಐತಲ್ಲ!" ಬಾಗಿಲಲ್ಲೇ ಸೂಟ್‌ಕೇಸ್ ಇಳಿಸಿ ನಿಂತುಬಿಟ್ಟರು.

"ಅಪ್ಪಾ, ಪ್ರೈವೇಟ್ ರೂಮ್ಸ್! ನಿಮಗೊಂದು, ನಂಗೊಂದು. ಚರ್ಚ್ ಇಸ್ ಟೂ ಮಿನಿಟ್ಸ್ ಅವೇ," ಎಂದಳು ಮಗಳು ನಿರುಪಮಾ. ನಾಡಿದ್ದು ಮದುವೆ, ಡೌನರ್ಸ್ ಗ್ರೋವ್ ಊರಿನಲ್ಲಿ ಅವಳ ರೂಮ್‌ಮೇಟ್ ಆಗಿದ್ದ ಪೋಲಿಷ್ ಹುಡುಗಿಯದು. ರೂಮು ಬುಕ್ ಮಾಡಿದ್ದೂ ಅವಳೇ.

"ನಾ ಬೋರ್ಡಿಂಗ್‌ದಾಗ ಬೆಳೆದಾಂವ. ಇಂಥಾದ್ರಾಗ ಮಲಗಂಗಿಲ್ಲ. ನಾಳೆ ಮುಂಜಾನೆ ಹೋಟೆಲ್‌ಗೆ ಶಿಫ್ಟ್."

"ಓಹೋ, ಬೋರ್ಡಿಂಗ್ ಸ್ಕೂಲ್ ಮಹಾರಾಜರು!" ಮಗಳು ಸೊಂಟ ಬಗ್ಗಿಸಿ ಬಾಗಿಲು ಹಿಡಿದಳು.

ರೂಮು ಚೊಕ್ಕಟವಾಗಿತ್ತು. ಎರಡು ಕಬ್ಬಿಣದ ಮಂಚ, ಒಂದು ಕಿಟಕಿ, ಗೋಡೆಗೆ ಮೊಳೆಯಂಥ ಎರಡು ಕೊಕ್ಕೆ. ಕಲ್ಲಿನಾಥರು ಮಂಚದ ಮೇಲೆ ಕೂರದೆ ನಿಂತೇ ಇದ್ದರು. ಮದುವೆಯ ಸೀರೆಯನ್ನು ಕೊಕ್ಕೆಗೆ ಹಾಕುತ್ತ ಹೆಂಡತಿ ಸ್ಮಿತಾ, "ಇನ್ನಾದ್ರೂ ಆಕಿಗೆ ಹೇಳಿಬಿಡ್ರೆಲಾ," ಎಂದಳು.

ಹೇಳಬೇಕಾದದ್ದು ದೊಡ್ಡದೇನಲ್ಲ. ಕಲ್ಲಿನಾಥರು ಆರು ವರ್ಷ ಉಂಡು ಓದಿದ್ದು ಗದಗಿನ ಒಂದು ಮಠದ ಉಚಿತ ಪ್ರಸಾದ ನಿಲಯದಲ್ಲಿ. ಊರವರು ಅದನ್ನು ಬೋರ್ಡಿಂಗ್ ಎನ್ನುತ್ತಿದ್ದರು. ಐದನೇ ಕ್ಲಾಸಿನಲ್ಲಿದ್ದಾಗ ನಿರುಪಮಾ ಆ ಒಂದು ಮಾತು ಹಿಡಿದು 'ನನ್ನಪ್ಪನ ಬೋರ್ಡಿಂಗ್ ಸ್ಕೂಲ್' ಎಂದು ಪ್ರಬಂಧ ಬರೆದಳು. ಗಡಿಯಾರದ ಗೋಪುರ ಬಿಡಿಸಿದಳು, ಎರಡು ಕುದುರೆ ಬಿಡಿಸಿದಳು. ಟೀಚರು ಅದನ್ನು ಗೋಡೆಗೆ ಅಂಟಿಸಿದರು. ಅದರ ಮುಂದೆ ನಿಂತ ಅಪ್ಪ, ಕುದುರೆ ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿದರು. ಉಳಿದದ್ದನ್ನು ನಾಳೆ ಹೇಳೋಣ ಎಂದುಕೊಂಡರು. ಆ ನಾಳೆ ಬರಲೇ ಇಲ್ಲ.

"ಹದಿನೇಳು ವರ್ಷ ಆ ಕುದುರಿ ಮ್ಯಾಲ ಕುಂತೀನಿ," ಎಂದರು ಕಲ್ಲಿನಾಥರು. "ಈಗ ಇಳದ್ರ ಆಕಿ ಮುಂದ ಮಾರಿ ಹೆಂಗ ಎತ್ಲಿ?"

ಅಷ್ಟರಲ್ಲಿ ಗೋಡೆಯ ಇಂಟರ್‌ಕಾಮ್ ಕಿರುಗುಟ್ಟಿತು.

"ಮಿಸ್ತರ್ ಕಾಲಿನಾತ್? ರ್ರಿಸೆಪ್ಶನ್. ಸೆವೆನ್ ಓಕ್ಲಾಕ್, ಕಿಚನ್. ರ್ರೋಲ್ ಕಾಲ್. ಓನ್ ಪ್ಲೇತ್, ಪ್ಲೀಸ್. ಲೇತ್... ನೋ ಸೂಪ್."

ಈ ರಿಸೆಪ್ಶನ್ನು ಇದ್ದದ್ದು ಪಕ್ಕದ ರೂಮಿನಲ್ಲಿ, ಮಗಳ ಬಾಯಲ್ಲಿ. ಭಾನುವಾರ ಭಾನುವಾರ ಅಡುಗೆಗೆ ಬರುತ್ತಿದ್ದ ರೂಮ್‌ಮೇಟಿನ ಅಜ್ಜಿಯ ಇಂಗ್ಲಿಷನ್ನು ನಾಲ್ಕು ವರ್ಷ ಕೇಳಿದ ನಿರುಪಮಾ, ರಕಾರ ಉರುಳಿಸುವುದರಲ್ಲಿ ಅಜ್ಜಿಯನ್ನೂ ಮೀರಿಸಿದ್ದಳು. ರೋಲ್ ಕಾಲ್ ಅವಳು ಅಪ್ಪನ ಬೋರ್ಡಿಂಗ್ ಬಡಾಯಿಯಿಂದಲೇ ಕದ್ದ ಸಾಮಾನು. ತಟ್ಟೆ ಮಾತ್ರ ಕೆಳಗಿನ ಅಡುಗೆಮನೆಯ 'ನಿಮ್ಮ ತಟ್ಟೆ ನೀವೇ ತೊಳೆಯಿರಿ' ಚೀಟಿಯಿಂದ ಬಂದದ್ದು. ಅಪ್ಪ ಕೆಂಡವಾಗಿ ಇಳಿದುಬಂದು ಕಂಡವರ ಮೇಲೆ ಹಾರಾಡುವುದನ್ನು ವಿಡಿಯೋ ಮಾಡಬೇಕೆಂದು ಓಡಿಹೋಗಿ ಫ್ರಿಜ್ಜಿನ ಹಿಂದೆ ನಿಂತಳು.

ಮೇಲೆ ಸ್ಮಿತಾ, "ಯಾರೋ ಚ್ಯಾಷ್ಟಿ ಮಾಡ್ಯಾರ್ರೀ," ಎಂದಳು.

"ಹಾಸ್ಟೆಲ್ ಅಂದಮ್ಯಾಲ ಇರೂದ. ತಡಾ ಆದ್ರ ಊಟಿಲ್ಲ," ಎಂದ ಕಲ್ಲಿನಾಥರು ಆಗಲೇ ಮುಖ ತೊಳೆಯುತ್ತಿದ್ದರು.

ಏಳಕ್ಕೆ ಎರಡು ನಿಮಿಷ ಮುಂಚೆಯೇ ಬಂದರು. ನೀರು ಹಚ್ಚಿ ಬಾಚಿದ ತಲೆ, ಕುತ್ತಿಗೆಯವರೆಗೆ ಹಾಕಿದ ಗುಂಡಿ. ಸ್ಮಿತಾ ಅವಲಕ್ಕಿಗೆಂದು ಟ್ರಾಯ್‌ನಿಂದ ತಂದಿದ್ದ ಸ್ಟೀಲ್ ತಟ್ಟೆ ಎಡಗಂಕುಳಲ್ಲಿ. ನೂಡಲ್ಸ್ ಬೇಯಿಸುತ್ತಿದ್ದ ನಾಲ್ಕಾರು ಪ್ರವಾಸಿಗಳನ್ನು ನೋಡಲೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು, ಎಡಕ್ಕೂ ಬಲಕ್ಕೂ ಒಬ್ಬೊಬ್ಬರ ಜಾಗ ಬಿಟ್ಟು, ನೆಟ್ಟಗೆ ನಿಂತರು.

ನಿರುಪಮಾಗೆ ನಗು ತಡೆಯಲಾಗಲಿಲ್ಲ. ಫ್ರಿಜ್ಜಿನ ಹಿಂದಿನಿಂದಲೇ ಅಜ್ಜಿಯ ದನಿ ತೆಗೆದಳು: "ನಂಬರ್ರ್?"

"ಮೂವತ್ತೇಳು! ಹಾಜರ್ರೀ ಸರ!"

ನೂಡಲ್ಸ್ ಕಲಕುತ್ತಿದ್ದವಳ ಚಮಚ ನಿಂತಿತು. ನಿರುಪಮಾ ಹೊರಗೆ ಬಂದಳು. ಎತ್ತಿ ಹಿಡಿದ ಫೋನು ತಾನಾಗಿ ಕೆಳಗಿಳಿಯಿತು.

"ಅಪ್ಪಾ... ಥರ್ಟಿ ಸೆವೆನ್ ಏನದು?"

ಕಲ್ಲಿನಾಥರು ಫೋನು ನೋಡಿದರು, ಮಗಳನ್ನು ನೋಡಿದರು. ಅಡಗಲು ಜಾಗವಿರಲಿಲ್ಲ, ಫ್ರಿಜ್ಜಿನ ಹಿಂದಿನದನ್ನು ಅವಳೇ ಹಿಡಿದಿದ್ದಳು.

"ನನ್ನ ನಂಬರು. ತಾಟಿನ ಹಿಂದ ಮೊಳಿಲೆ ಕೊರ್ಕೊಂಡಿದ್ದೆ, ಅದಲಿಬದಲಿ ಆಗಬಾರದಂತ. ಇನ್ನೂರು ಮಂದಿ ಇದ್ವಿ. ಮಠದ ಊಟ. ಫ್ರೀ."

"ಮತ್ತೆ... ದ ಹಾರ್ಸಸ್?"

"ಒಂದು ಎಮ್ಮಿ ಇತ್ತು."

ನಿರುಪಮಾ ಫೋನನ್ನು ಜೇಬಿಗಿಟ್ಟಳು. "ಹಾಗಾದ್ರೆ ಬೋರ್ಡಿಂಗ್ ಸ್ಕೂಲು ಸುಳ್ಳಾ?"

"ಬೋರ್ಡಿಂಗ್ ಖರೇನವಾ. ಬೋರ್ಡಿಂಗಿಗೆ ಸೇರಿಸಿದಾಂವ ನಮ್ಮಪ್ಪ." ಕಲ್ಲಿನಾಥರು ತಟ್ಟೆಯನ್ನು ಕಂಕುಳಿಗೆ ಒತ್ತಿಕೊಂಡರು. "ಸ್ಕೂಲಿಗೆ ಸೇರಿಸಿದಾಕಿ ನೀನು!"

ತಮ್ಮ ಮಾತು ತಮ್ಮದೇ ಕಿವಿಗೆ ಬಿದ್ದು ಅವರೇ ಮೊದಲು ನಕ್ಕರು. ಮಗಳು ನಕ್ಕಳು, ಮೆಟ್ಟಿಲ ಮೇಲೆ ನಿಂತಿದ್ದ ಸ್ಮಿತಾ ನಕ್ಕಳು, ಏನೂ ತಿಳಿಯದ ನೂಡಲ್ಸಿನವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಕಲ್ಲಿನಾಥರೇ. ಭುಜ ಕುಲುಕಿ, ಕಣ್ಣಲ್ಲಿ ನೀರು ಬಂದು, ಗೋಡೆಗೆ ಒರಗಿದರೂ, ಕಂಕುಳಲ್ಲಿದ್ದ ತಟ್ಟೆ ಮಾತ್ರ ಒಂದಿಷ್ಟೂ ಜಾರಲಿಲ್ಲ.